ಜಾಯ್‌ಸ್ಟಿಕ್ ನಡುಗುತ್ತಿದೆ: ರಿಪೇರಿಯೋ, ಹೊಸದೋ, ಮನೆಯಲ್ಲೇ ಮಾಡೋದೋ?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ, ಪೈಲಟ್ ಆಗುವ ಆಸೆ. ಅವಳಿಗೆಂದು ಕಂಪ್ಯೂಟರಿಗೆ ಫ್ಲೈಟ್ ಸಿಮ್ಯುಲೇಟರ್ ಹಾಕಿಸಿ, ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್ ಒಂದನ್ನು ತಂದೆ. ಈಗ ಅವಳಿಗಿಂತ ನಾನೇ ಹೆಚ್ಚು ಹಾರಿಸುತ್ತಿದ್ದೇನೆ! ಆದರೆ ಮೂರು ತೊಂದರೆ. ಸಿಮ್ಯುಲೇಟರಿನ ಸಣ್ಣ ವಿಮಾನ ಸೆಸ್ನಾ 172 ರನ್‌ವೇ ಬಿಟ್ಟು ಏಳುತ್ತಿದ್ದಂತೆ ಎಡಕ್ಕೆ ವಾಲುತ್ತದೆ. ಸ್ಟಿಕ್ ಮುಟ್ಟದೇ ಇದ್ದರೂ ವಿಮಾನದ ಮೂತಿ ಅಲ್ಲಾಡುತ್ತದೆ, ಹಿಡಿ ತಿರುಚಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಕೊಟ್ಟರೆ ಒಮ್ಮೊಮ್ಮೆ ಪೂರ್ತಿ ಒಂದು ಬದಿಗೆ ಹೊಡೆಯುತ್ತದೆ. ಇಳಿಸುವಾಗ ಸ್ವಲ್ಪವೇ ಸರಿಪಡಿಸಲು ಹೋದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಜಾಸ್ತಿಯಾಗುತ್ತದೆ. ಇಲ್ಲಿನ ರಿಪೇರಿಯವರು ಡಬ್ಲ್ಯೂಡಿ-40 ಹೊಡೆಯಿರಿ ಅಂದರು. ಅಕ್ಕನ ಮಗ, ಇದನ್ನು ಎಸೆದು 16 ಬಿಟ್‌ನ ಹಾಲ್ ಸೆನ್ಸರ್ ಸ್ಟಿಕ್ ತಗೊಳ್ಳಿ ಮಾವ ಅನ್ನುತ್ತಾನೆ. ಅವನ ಗೆಳೆಯ ಆರ್ಡುಯಿನೊ (ಪ್ರೋಗ್ರಾಂ ಮಾಡಬಹುದಾದ ಸಣ್ಣ ಸರ್ಕ್ಯೂಟ್ ಬೋರ್ಡ್) ಹಾಕಿ ಮನೆಯಲ್ಲೇ ಮಾಡಬಹುದು ಅಂತಾನೆ. ಯಾವ ದಾರಿ ಹಿಡಿಯಲಿ? ಮಗಳು ಮುಂದೆ ನಿಜವಾದ ವಿಮಾನ ಕಲಿಯುವಾಗ ಇದರಿಂದ ಅನುಕೂಲವೋ, ಕೆಟ್ಟ ಅಭ್ಯಾಸವೋ?

ಉತ್ತರ: ಮೂರು ಬೇರೆ ಬೇರೆ ವಿಷಯಗಳನ್ನು ನೀವು ಒಂದೇ ಜಾಯ್‌ಸ್ಟಿಕ್ಕಿನ ತಲೆಗೆ ಕಟ್ಟಿದ್ದೀರಿ. ಎಡಕ್ಕೆ ವಾಲುವುದಕ್ಕೂ ಸ್ಟಿಕ್ಕಿಗೂ ಬಹುಶಃ ಸಂಬಂಧವೇ ಇಲ್ಲ. ಮೂತಿ ಅಲ್ಲಾಡುವುದು, ರಡ್ಡರ್ ಹೊಡೆಯುವುದು ಸೆನ್ಸರಿನ ತೊಂದರೆ. ಮೂರನೆಯದು ಸ್ಪ್ರಿಂಗ್ ಮತ್ತು ಗಿಂಬಲ್‌ನದು, ಅಂದರೆ ಹಿಡಿಯನ್ನು ಹೊತ್ತು ನಾಲ್ಕೂ ಕಡೆ ಓಲಾಡಿಸುವ ಕೆಳಗಿನ ಕೀಲಿನದು. ಎಂಥ ಒಳ್ಳೆಯ ಸೆನ್ಸರ್ ಹಾಕಿದರೂ ಅದು ಹೋಗುವುದಿಲ್ಲ. ದುಬಾರಿ ಸ್ಟಿಕ್ ಕೊಂಡ ಮೇಲೂ ‘ಇಳಿಸೋಕೆ ಆಗ್ತಿಲ್ಲ’ ಅಂತ ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಈ ಮೂರನೆಯದರಲ್ಲೇ ಸಿಕ್ಕಿಕೊಂಡವರು.

ಎಡಕ್ಕೆ ವಾಲುವುದನ್ನು ಮೊದಲು ಮುಗಿಸಿಬಿಡೋಣ. ಸೆಸ್ನಾ 172ರ ಪ್ರೊಪೆಲ್ಲರ್, ಪೈಲಟ್ ಕೂತ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ಅದರ ಪ್ರತಿಕ್ರಿಯೆಯಾಗಿ ವಿಮಾನದ ಮೈ ಎಡಕ್ಕೆ ಹೊರಳಲು ನೋಡುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳಿದ ಗಾಳಿ ಸುರುಳಿಯಾಗಿ ಬಂದು ಬಾಲದ ನಿಂತ ರೆಕ್ಕೆಗೆ ಎಡಬದಿಯಿಂದ ಬಡಿಯುತ್ತದೆ, ಮೂತಿ ಎಡಕ್ಕೆ ತಿರುಗುತ್ತದೆ. ಮೂತಿ ಮೇಲೆತ್ತಿ ಪೂರ್ತಿ ಶಕ್ತಿಯಲ್ಲಿ ಏರುವಾಗ ಬಲಗಡೆ ಕೆಳಗಿಳಿಯುವ ಅಲಗು ಹೆಚ್ಚು ಎಳೆಯುವುದರಿಂದ ಅದೂ ಎಡಕ್ಕೇ ತಳ್ಳುತ್ತದೆ. ನಿಜವಾದ ವಿಮಾನದಲ್ಲೂ ಹೀಗೇ ಆಗುತ್ತದೆ, ಪೈಲಟ್ ಬಲಗಾಲಿನಿಂದ ರಡ್ಡರ್ ಒತ್ತಿ ಸರಿದೂಗಿಸುತ್ತಾರೆ. ಪರೀಕ್ಷೆ ಸುಲಭ. ಎತ್ತರಕ್ಕೆ ಹೋಗಿ ಎಂಜಿನ್ ಶಕ್ತಿಯ ಹಿಡಿಯಾದ ಥ್ರಾಟಲ್ ಪೂರ್ತಿ ಹಿಂದಕ್ಕೆಳೆದು ತೇಲಲು ಬಿಡಿ. ಎಡಕ್ಕೆಳೆಯುವುದು ಹೋಯಿತೆಂದರೆ ಅದು ಎಂಜಿನ್‌ನದು, ನಿಮ್ಮ ಸಿಮ್ಯುಲೇಟರ್ ಸರಿಯಾಗಿಯೇ ಇದೆ. ಆಗಲೂ ಎಡಕ್ಕೇ ಹೋಗುತ್ತಿದ್ದರೆ ಸ್ಟಿಕ್ಕಿನ ನಡು ಜರುಗಿದೆ ಎಂದು ಅನುಮಾನ ಪಡಬಹುದು.

ಈಗ ಸ್ಟಿಕ್ಕಿಗೆ ಬರೋಣ. ಬಿಚ್ಚುವ ಮೊದಲು ಒಂದು ತಪಾಸಣೆ ಮಾಡಿ, ಸಿಮ್ಯುಲೇಟರ್ ತೆರೆಯುವುದೂ ಬೇಡ. ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ‘ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್’ ಎಂದು ಹುಡುಕಿ, ನಿಮ್ಮ ಸ್ಟಿಕ್ಕಿನ ಪ್ರಾಪರ್ಟೀಸ್ ತೆರೆದರೆ ಚೌಕದೊಳಗೆ ಒಂದು ಸಣ್ಣ ಪ್ಲಸ್ ಗುರುತು ಕಾಣುತ್ತದೆ. ಕೈ ಪೂರ್ತಿ ತೆಗೆದು ಅದನ್ನೇ ನೋಡಿ. ಮುಟ್ಟದೆಯೂ ನಡುಗುತ್ತಿದ್ದರೆ ಸೆನ್ಸರಿನಲ್ಲಿ ಅಥವಾ ವೈರಿನಲ್ಲಿ ಗದ್ದಲವಿದೆ. ಆಮೇಲೆ ಸ್ಟಿಕ್ಕನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಹಳ ನಿಧಾನವಾಗಿ ಸರಿಸಿ. ಗುರುತು ನಡುವೆ ಎಲ್ಲೋ ಒಂದೆಡೆ ಹಾರಿ ಮುಂದೆ ಹೋದರೆ ಅದೇ ಜಾಗದಲ್ಲಿ ಸವೆತವಿದೆ. ಕೊನೆಗೆ ಎಡಕ್ಕೆ ಒತ್ತಿ ಮೆಲ್ಲಗೆ ಬಿಡಿ, ಗುರುತು ಎಲ್ಲಿ ನಿಂತಿತು ನೋಡಿಕೊಳ್ಳಿ. ಬಲಕ್ಕೆ ಒತ್ತಿ ಬಿಡಿ. ಎರಡು ಸಲವೂ ಒಂದೇ ಜಾಗಕ್ಕೆ ಬರಬೇಕು. ಬೇರೆ ಬೇರೆ ಜಾಗದಲ್ಲಿ ನಿಂತರೆ ಗಿಂಬಲ್ ಎಲ್ಲೋ ಹಿಡಿದುಕೊಳ್ಳುತ್ತಿದೆ, ಅದು ವಿದ್ಯುತ್ತಿನ ಸಮಸ್ಯೆ ಅಲ್ಲ. ತಿರುಚುವ ರಡ್ಡರಿಗೂ ಇದೇ ಮೂರು ಪರೀಕ್ಷೆ ಮಾಡಿ.

ಅದೇ ಕಿಟಕಿಯಲ್ಲಿ, ಸ್ಟಿಕ್ಕಿನ ನಡು, ಅಂಚುಗಳನ್ನು ಕಂಪ್ಯೂಟರಿಗೆ ಹೊಸದಾಗಿ ತೋರಿಸಿಕೊಡುವ ಕ್ಯಾಲಿಬ್ರೇಷನ್ ಗುಂಡಿಯೂ ಇರುತ್ತದೆ. ಅದನ್ನು ಮೊದಲೇ ಒತ್ತಬೇಡಿ. ಹಾರಾಡುವ ಸೆನ್ಸರನ್ನು ಕ್ಯಾಲಿಬ್ರೇಟ್ ಮಾಡಿದರೆ, ಒಂದು ಕ್ಷಣ ಹಾರಿದ ಸುಳ್ಳು ಅಂಕಿಯನ್ನೇ ಕಂಪ್ಯೂಟರ್ ‘ಇದೇ ಕೊನೆ’ ಅಂದುಕೊಳ್ಳುತ್ತದೆ. ಆಮೇಲೆ ಸ್ಟಿಕ್ಕನ್ನು ಎಷ್ಟೇ ಒತ್ತಿದರೂ ವಿಮಾನಕ್ಕೆ ಪೂರ್ತಿ ತಿರುವು ಸಿಗುವುದಿಲ್ಲ. ರಿಪೇರಿ ಮುಗಿದ ಮೇಲೆ ಕ್ಯಾಲಿಬ್ರೇಷನ್.

ನೀವು ವಿವರಿಸಿದ ರೀತಿ ನೋಡಿದರೆ ನಿಮ್ಮದು ಪೊಟೆನ್ಶಿಯೊಮೀಟರ್ ಇರುವ ಸ್ಟಿಕ್. ಕೆಲಸದವರ ಬಾಯಲ್ಲಿ ಬರೀ ‘ಪಾಟ್’. ಮೂರು ಕಾಲಿನ ಸಣ್ಣ ಡಬ್ಬಿ. ಒಳಗೆ ಕುದುರೆ ಲಾಳದ ಆಕಾರದ ಇಂಗಾಲದ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ತೆಳು ಲೋಹದ ನಾಲಿಗೆ. ಪಟ್ಟಿಯ ಎರಡು ತುದಿಗೆ 5 ವೋಲ್ಟ್ ಮತ್ತು ಸೊನ್ನೆ, ನಾಲಿಗೆ ಎಲ್ಲಿ ನಿಂತಿದೆಯೋ ಅಲ್ಲಿನ ವೋಲ್ಟೇಜ್ ಓದಿ ಸ್ಟಿಕ್ ಎಲ್ಲಿದೆ ಎಂದು ಚಿಪ್ ತಿಳಿಯುತ್ತದೆ. ಹಳೆಯ ರೇಡಿಯೊದ ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತದಲ್ಲ, ಅಲ್ಲಿರುವುದೂ ಇದೇ ಭಾಗ, ತೊಂದರೆಯೂ ಇದೇ. ಬಿಚ್ಚಿ ನೋಡಿದರೆ ಪಟ್ಟಿಯ ನಡುಭಾಗ ಉಳಿದ ಕಡೆಗಿಂತ ಹೊಳಪಾಗಿ ಸವೆದಿರುತ್ತದೆ, ನಾಲಿಗೆಯ ಎರಡೂ ಬದಿ ಕಪ್ಪು ಪುಡಿ ಗುಡ್ಡೆಯಾಗಿರುತ್ತದೆ. ನೇರ ಹಾರುವಾಗ ಸ್ಟಿಕ್ ಹೆಚ್ಚು ಹೊತ್ತು ಇರುವುದೇ ನಡುವಿನಲ್ಲಿ. ಸವೆತ ಅಲ್ಲೇ ಆಗುತ್ತದೆ, ತೊಂದರೆಯೂ ಅಲ್ಲೇ ಕಾಣುತ್ತದೆ. ತಿರುಚುವ ರಡ್ಡರಿನ ಪಾಟ್ ಇನ್ನೂ ಚಿಕ್ಕದು, ಹಿಡಿಯೊಳಗೋ ಕತ್ತಿನಲ್ಲೋ ಕೂತಿರುತ್ತದೆ. ಅದಕ್ಕೆ ಹೋಗುವ ವೈರುಗಳು ಪ್ರತಿ ಸಲ ಬಾಗುವುದರಿಂದ ಒಳಗಿನ ಎಳೆ ತುಂಡಾಗಿ ಹೊರಗಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುವುದುಂಟು. ‘ಒಮ್ಮೊಮ್ಮೆ ಪೂರ್ತಿ ಒಂದು ಬದಿಗೆ ಹೊಡೆಯುತ್ತದೆ’ ಅಂದಿರಲ್ಲ, ನನಗೆ ಪಾಟ್‌ಗಿಂತ ಮೊದಲು ವೈರಿನ ಮೇಲೆ ಸಂಶಯ.

ಡಬ್ಲ್ಯೂಡಿ-40 ಹೊಡೆಯಬೇಡಿ. ಹೊಡೆದ ದಿನ ಅದ್ಭುತವಾಗಿ ಕೆಲಸ ಮಾಡುತ್ತದೆ, ಆ ಸಲಹೆ ಇನ್ನೂ ಬದುಕಿರುವುದೇ ಅದಕ್ಕೆ. ಅದು ಬಿಟ್ಟುಹೋಗುವ ಎಣ್ಣೆಯ ಪದರ ದೂಳನ್ನು ಹಿಡಿದು ಮತ್ತೆ ಕೆಸರು ಮಾಡುತ್ತದೆ, ಗಿಂಬಲ್‌ನಲ್ಲಿ ಇರಬೇಕಾದ ಗ್ರೀಸನ್ನೂ ತೊಳೆದುಬಿಡುತ್ತದೆ. ಬೇಕಾದದ್ದು ಕಾಂಟ್ಯಾಕ್ಟ್ ಕ್ಲೀನರ್, ಡಬ್ಬಿಯ ಮೇಲೆ ಪ್ಲಾಸ್ಟಿಕ್ಕಿಗೆ ತೊಂದರೆ ಇಲ್ಲ ಎಂದು ಬರೆದಿರುವಂಥದ್ದು. ಅದೇ ಡಬ್ಲ್ಯೂಡಿ-40 ಕಂಪನಿ ಸ್ಪೆಷಲಿಸ್ಟ್ ಎಂಬ ಹೆಸರಿನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಕೂಡ ಮಾರುತ್ತದೆ, ಹಾಗಾಗಿ ಹೆಸರು ನೋಡಿ ಗೊಂದಲ ಮಾಡಿಕೊಳ್ಳದೆ ಡಬ್ಬಿ ಓದಿ. ನಿಮ್ಮದೇ ಅಂಗಡಿ ಇರುವುದರಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಕೈಗೆ ಸಿಗುತ್ತದೆ. 99 ಪ್ರತಿಶತದ್ದು ಸಿಕ್ಕರೆ ಒಳ್ಳೆಯದು. 70ರದ್ದರಲ್ಲಿ ಉಳಿದದ್ದು ನೀರು, ಅದನ್ನು ಬಳಸಿದರೆ ಒಂದು ರಾತ್ರಿ ಒಣಗಲು ಬಿಟ್ಟೇ ಯುಎಸ್‌ಬಿ ಚುಚ್ಚಬೇಕು. ಸರ್ಜಿಕಲ್ ಸ್ಪಿರಿಟ್ ಬೇಡ, ಕೆಲವು ಬಗೆಯದರಲ್ಲಿ ಹರಳೆಣ್ಣೆ ಬೆರೆತಿರುತ್ತದೆ. ಒಂದು ಮಾತು ನೆನಪಿರಲಿ: ಶುಚಿ ಮಾಡಿದರೆ ಪುಡಿ ಹೋಗುತ್ತದೆ, ಸವೆದ ಇಂಗಾಲ ವಾಪಸ್ ಬರುವುದಿಲ್ಲ. ಕೆಲವು ತಿಂಗಳಲ್ಲಿ ನಡುಕ ಮತ್ತೆ ಶುರುವಾದರೆ ಪಾಟ್ ಬದಲಾಯಿಸುವುದೇ ಸರಿ.

ಪಾಟ್ ಕೊಳ್ಳಲು ಹೋದಾಗ ‘10ಕೆ ಪಾಟ್ ಕೊಡಿ’ (10ಕೆ ಅಂದರೆ 10,000 ಓಮ್) ಅಂದರೆ ಸಾಲದು. ಬಿ10ಕೆ ಅಂತ ಕೇಳಿ. ಬಿ ಅಂದರೆ ಲೀನಿಯರ್, ತಿರುಗಿಸಿದಷ್ಟೇ ಬದಲಾಗುವಂಥದ್ದು. ಎ ಅಂತ ಇದ್ದರೆ ಅದು ಆಡಿಯೊ ವಾಲ್ಯೂಮಿನದು, ಹಾಕಿದರೆ ವಿಮಾನ ಒಂದು ಬದಿಗೆ ಮೆತ್ತಗೆ, ಇನ್ನೊಂದು ಬದಿಗೆ ಚುರುಕಾಗಿ ತಿರುಗುತ್ತದೆ. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರು ಯಾರಾದರೂ ಇದ್ದರೆ ಹಳೆಯ ಪಾಟನ್ನೇ ಕೈಗೆ ಕೊಟ್ಟು ಕಳಿಸಿ. ಅಂಕಿ ಒಂದೇ ಇದ್ದರೂ ಶಾಫ್ಟಿನ ಉದ್ದ, ಕಾಲುಗಳ ಅಂತರ ಹೊಂದದೆ ವಾಪಸ್ ಹೋಗಬೇಕಾಗುತ್ತದೆ.

ಇನ್ನು 16 ಬಿಟ್ ಮತ್ತು ಹಾಲ್ ಸೆನ್ಸರ್. ಬಿಟ್ ಅಂದರೆ ಸ್ಟಿಕ್ಕಿನ ಓಡಾಟವನ್ನು ಚಿಪ್ ಎಷ್ಟು ಹೆಜ್ಜೆಗಳಾಗಿ ಎಣಿಸುತ್ತದೆ ಎಂಬುದರ ಲೆಕ್ಕ. ಹಾಲ್ ಪರಿಣಾಮವನ್ನು ಎಡ್ವಿನ್ ಹಾಲ್ ಕಂಡುಹಿಡಿದದ್ದು 1879ರಲ್ಲಿ. ಕರೆಂಟು ಹರಿಯುವ ತೆಳು ಪಟ್ಟಿಯ ಪಕ್ಕ ಆಯಸ್ಕಾಂತ ಹಿಡಿದರೆ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸ್ಟಿಕ್ಕಿನ ಶಾಫ್ಟಿಗೆ ಆಯಸ್ಕಾಂತ ಅಂಟಿಸಿ, ಎದುರಿಗೆ ಸೆನ್ಸರ್ ಇಟ್ಟರೆ ಒಂದನ್ನೊಂದು ಮುಟ್ಟದೇ ಕೋನ ಗೊತ್ತಾಗುತ್ತದೆ. ಉಜ್ಜುವುದಿಲ್ಲ, ಆದ್ದರಿಂದ ಸವೆಯುವುದಿಲ್ಲ. ಅಷ್ಟರ ಮಟ್ಟಿಗೆ ಅಕ್ಕನ ಮಗ ಹೇಳಿದ್ದು ನಿಜ. ಆದರೆ ಪೆಟ್ಟಿಗೆ ಮೇಲೆ ‘ಹಾಲ್’ ಅಂತ ಇದ್ದರೆ ಎಲ್ಲ ಅಕ್ಷಗಳೂ ಹಾಲ್ ಅಂತ ಅರ್ಥವಲ್ಲ. ಬಹಳ ಜನ ಕೊಳ್ಳುವ ಥ್ರಸ್ಟ್‌ಮಾಸ್ಟರ್ ಟಿ.16000ಎಂ ನೋಡಿ. ಮುಂದೆ-ಹಿಂದೆ, ಎಡ-ಬಲಕ್ಕೆ ಹಾಲ್ ಸೆನ್ಸರ್ ಇದೆ, ತಿರುಚುವ ರಡ್ಡರಿಗೆ ಮಾತ್ರ ಪಾಟ್. ನಿಮ್ಮನ್ನು ಹೆಚ್ಚು ಕಾಡುತ್ತಿರುವುದೇ ರಡ್ಡರ್ ಆಗಿರುವಾಗ ಇದನ್ನು ಕೇಳಿ ತಿಳಿದುಕೊಂಡೇ ದುಡ್ಡು ಕೊಡಬೇಕು. ಅದರ ಹೆಸರಿನಲ್ಲಿರುವ 16000 ಕೂಡ 16 ಬಿಟ್ ಅಲ್ಲ. ಒಂದು ಅಕ್ಷಕ್ಕೆ 16 ಸಾವಿರ ಚಿಲ್ಲರೆ ಹೆಜ್ಜೆ ಅಂದರೆ 14 ಬಿಟ್, 16 ಬಿಟ್ ಅಂದರೆ 65,536 ಹೆಜ್ಜೆ.

ಈ ಬಿಟ್ ಲೆಕ್ಕದಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ. ಸಾಮಾನ್ಯ ಪಾಟ್ ಸುಮಾರು 300 ಡಿಗ್ರಿ ತಿರುಗುತ್ತದೆ. ಸ್ಟಿಕ್ ಓಲಾಡುವುದು ಆ ಕಡೆ 20, ಈ ಕಡೆ 20, ಒಟ್ಟು 40 ಡಿಗ್ರಿ ಅಂದುಕೊಳ್ಳಿ. ಪಾಟನ್ನು ನೇರವಾಗಿ ಶಾಫ್ಟಿಗೆ ಕಟ್ಟಿದರೆ ಪಟ್ಟಿಯ ಏಳನೇ ಒಂದು ಭಾಗ ಮಾತ್ರ ಬಳಕೆಯಾಗುತ್ತದೆ. 10 ಬಿಟ್‌ನ 1024 ಹೆಜ್ಜೆಯಲ್ಲಿ ನಿಮ್ಮ ಕೈಗೆ ಸಿಗುವುದು 136. ವಿಮಾನ ಮೆಟ್ಟಿಲು ಇಳಿದ ಹಾಗೆ ಚಲಿಸುತ್ತದೆ. ಅದೇ 1024 ಹೆಜ್ಜೆ ಪೂರ್ತಿ 40 ಡಿಗ್ರಿಯಲ್ಲಿ ಹರಡಿದರೆ ಒಂದು ಹೆಜ್ಜೆ ಡಿಗ್ರಿಯ ನೂರರಲ್ಲಿ ನಾಲ್ಕು ಭಾಗ, ಮನುಷ್ಯನ ಕೈ ಅಷ್ಟು ಸೂಕ್ಷ್ಮವಾಗಿ ಅಲುಗುವುದೇ ಕಷ್ಟ. ಒಳ್ಳೆಯ ತಯಾರಕರು ಕಡಿಮೆ ಕೋನದ ಪಾಟ್ ಅಥವಾ ಹಲ್ಲುಚಕ್ರ ಬಳಸಿ ಇದನ್ನು ನಿಭಾಯಿಸುತ್ತಾರೆ. ಹಾಗಾಗಿ ಬಿಟ್ ಎಷ್ಟು ಅನ್ನುವುದಕ್ಕಿಂತ ಎಷ್ಟು ಬಿಟ್ ನಿಜವಾಗಿ ಕೆಲಸಕ್ಕೆ ಬರುತ್ತವೆ, ಎಷ್ಟು ನಡುಕದಲ್ಲಿ ಕಳೆದುಹೋಗುತ್ತವೆ ಅನ್ನುವುದು ಮುಖ್ಯ. ನಡುಗುವ 16 ಬಿಟ್‌ಗಿಂತ ಅಲುಗದ 12 ಬಿಟ್ ವಾಸಿ.

ಮೂರನೆಯ ತೊಂದರೆಗೆ ಬಂದೆವು. ನನ್ನ ಪ್ರಕಾರ ಜಾಯ್‌ಸ್ಟಿಕ್ಕಿನ ಒಳ್ಳೆಯದು ಕೆಟ್ಟದ್ದು ತೀರ್ಮಾನವಾಗುವುದು ಇಲ್ಲೇ. ಅಗ್ಗದ ಸ್ಟಿಕ್‌ಗಳಲ್ಲಿ ಶಾಫ್ಟಿನ ಸುತ್ತ ಒಂದೇ ದೊಡ್ಡ ಸ್ಪ್ರಿಂಗ್ ಇರುತ್ತದೆ, ಅದು ಒಂದು ಪ್ಲಾಸ್ಟಿಕ್ ತಟ್ಟೆಯನ್ನು ಕೆಳಗೆ ಒತ್ತಿ ಹಿಡಿದಿರುತ್ತದೆ. ಸ್ಟಿಕ್ ನಡುವಿನಲ್ಲಿದ್ದಾಗ ತಟ್ಟೆ ಚಪ್ಪಟೆಯಾಗಿ ಕೂತಿರುತ್ತದೆ. ಅದನ್ನು ಅಲ್ಲಿಂದ ಎಬ್ಬಿಸಲು ಒಂದಿಷ್ಟು ಬಲ ಬೇಕು. ನೀವು ಮೆಲ್ಲಗೆ ಒತ್ತುತ್ತೀರಿ, ಏನೂ ಆಗುವುದಿಲ್ಲ. ಇನ್ನೂ ಒತ್ತುತ್ತೀರಿ. ತಟ್ಟೆ ಏಳುತ್ತದೆ, ಆದರೆ ಅಷ್ಟರಲ್ಲಿ ನಿಮ್ಮ ಕೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಲ ಸೇರಿರುತ್ತದೆ, ಸ್ಟಿಕ್ ಮುಂದೆ ಹಾರುತ್ತದೆ. ಸೆನ್ಸರ್ ಪಾಪ, ಆದದ್ದನ್ನು ಆದ ಹಾಗೆ ವರದಿ ಮಾಡುತ್ತದೆ. ಇದರ ಮೇಲೆ ಒಣಗಿದ ಗ್ರೀಸ್ ಸೇರಿದರೆ ಕೇಳುವುದೇ ಬೇಡ. ಜೊತೆಗೆ ನಡುಕ ಮುಚ್ಚಲು ಯಾರೋ ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಝೋನ್ (ನಡುವಿನಲ್ಲಿ ಸ್ಟಿಕ್ ಅಲುಗಿದರೂ ಕಂಪ್ಯೂಟರ್ ಲೆಕ್ಕಿಸದ ಜಾಗ) ಹೆಚ್ಚಿಸಿಟ್ಟಿದ್ದರೆ ‘ಮೊದಲು ಏನೂ ಆಗುವುದಿಲ್ಲ’ ಅನ್ನುವುದು ಇನ್ನಷ್ಟು ಉದ್ದವಾಗುತ್ತದೆ. ಅದನ್ನು ಮೊದಲು ನೋಡಿ ಇಳಿಸಿ.

ತಳದ ಸ್ಕ್ರೂಗಳು ಕಾಣದಿದ್ದರೆ ರಬ್ಬರ್ ಪಾದಗಳ ಕೆಳಗೆ ಅಥವಾ ಸ್ಟಿಕ್ಕರ್ ಅಡಿಯಲ್ಲಿ ಇರುತ್ತವೆ. ಬಿಚ್ಚುವ ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೊ ತೆಗೆಯಿರಿ, ವೈರುಗಳ ಬಣ್ಣ ಕಾಣುವ ಹಾಗೆ. ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಮುಖ ಹತ್ತಿರ ಇಡಬೇಡಿ. ಹಳೆಯ ಗ್ರೀಸ್ ಒರೆಸಿ, ತಟ್ಟೆಯೂ ಕೀಲಿನ ಗೋಲವೂ ಉಜ್ಜುವ ಜಾಗಕ್ಕೆ ಹೊಸದನ್ನು ತೆಳ್ಳಗೆ ಸವರಿ. ಗ್ಯಾರೇಜಿನ ಬೇರಿಂಗ್ ಗ್ರೀಸ್ ಬೇಡ, ಪೆಟ್ರೋಲಿಯಂ ಮೂಲದ್ದು ಕೆಲವು ಪ್ಲಾಸ್ಟಿಕ್‌ಗಳನ್ನು ಕಾಲಕ್ರಮದಲ್ಲಿ ಬಿರುಕು ಬಿಡಿಸುತ್ತದೆ. ಸಿಲಿಕೋನ್ ಗ್ರೀಸ್ ಸಾಕು. ಸ್ವಲ್ಪ ಅಂಟಂಟಾಗಿ ಚಲನೆಯನ್ನು ತಡೆದು ಬಿಡುವ ಡ್ಯಾಂಪಿಂಗ್ ಗ್ರೀಸ್ ಸಿಕ್ಕರೆ ಇನ್ನೂ ಒಳ್ಳೆಯದು, ಹವ್ಯಾಸಿಗಳು ನೈಯೋಜೆಲ್ 767ಎ ಹುಡುಕುವುದು ಇದಕ್ಕೇ. ಯಾವುದೇ ಗ್ರೀಸ್ ಪಾಟ್‌ನೊಳಗೆ ಹೋಗಬಾರದು. ಸ್ಪ್ರಿಂಗ್ ಒಂದೆರಡು ಸುತ್ತು ಕತ್ತರಿಸಿದರೆ ಮೆದುವಾಗುತ್ತದೆ ಎಂದೂ ಯಾರಾದರೂ ಹೇಳಿಯಾರು. ಅರ್ಧ ಸತ್ಯ. ನಡುವಿನ ಒತ್ತಡ ಇಳಿಯುತ್ತದೆ, ಆದರೆ ಸುತ್ತು ಕಡಿಮೆಯಾದ ಸ್ಪ್ರಿಂಗ್ ಹೆಚ್ಚು ಬಿಗಿ, ದೂರ ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಹೋದ ಸುತ್ತು ವಾಪಸ್ ಬರುವುದಿಲ್ಲವಾದ್ದರಿಂದ ನಾನಂತೂ ಕತ್ತರಿಸುವುದಿಲ್ಲ.

ಬಿಚ್ಚುವ ಧೈರ್ಯವಿಲ್ಲದಿದ್ದರೂ ಮಾಡಬಹುದಾದ ಒಂದು ಕೆಲಸವಿದೆ, ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಸ್ಟಿಕ್ಕನ್ನು ಮೇಜಿನ ಮೇಲಿಂದ ಕೆಳಗಿಳಿಸಿ. ಮೇಜಿನ ಮೇಲೆ ಇಟ್ಟರೆ ಮೊಣಕೈ ಗಾಳಿಯಲ್ಲಿ ನೇತಾಡುತ್ತದೆ, ಕೆಲಸವೆಲ್ಲ ಮಣಿಕಟ್ಟಿನದ್ದಾಗುತ್ತದೆ, ಹಗುರ ತಳವೂ ಜಾರುತ್ತದೆ. ಕುರ್ಚಿಯ ಕೈ ಎತ್ತರಕ್ಕೆ, ಮುಂಗೈ ತೊಡೆಯ ಮೇಲೋ ಕುರ್ಚಿಯ ಕೈ ಮೇಲೋ ಒರಗುವ ಹಾಗೆ, ಹಲಗೆಗೆ ಸ್ಕ್ರೂ ಹಾಕಿ ಅಲುಗಾಡದಂತೆ ಕೂರಿಸಿ. ಬಡಗಿಯ ಅರ್ಧ ಗಂಟೆ ಕೆಲಸ.

ಎಕ್ಸ್‌ಟೆನ್ಷನ್ ಹಾಕಿ ಸ್ಟಿಕ್ ಉದ್ದ ಮಾಡುವುದು ಇದರ ಮುಂದಿನ ಹೆಜ್ಜೆ. ಕೀಲಿನಿಂದ ಕೈವರೆಗೆ 12 ಸೆಂಟಿಮೀಟರ್ ಇದ್ದರೆ 20 ಡಿಗ್ರಿಗೆ ಕೈ 4 ಸೆಂಟಿಮೀಟರ್ ಚಲಿಸುತ್ತದೆ. ನಡುವೆ 20 ಸೆಂಟಿಮೀಟರ್ ಪೈಪ್ ಸೇರಿಸಿದರೆ ಅದೇ 20 ಡಿಗ್ರಿಗೆ ಸುಮಾರು 11 ಸೆಂಟಿಮೀಟರ್. ಸಣ್ಣ ತಿದ್ದುಪಡಿ ತಾನಾಗಿ ಸುಲಭವಾಗುತ್ತದೆ, ಸಾಫ್ಟ್‌ವೇರಿನ ಕರ್ವ್ ಬೇಕಾಗುವುದಿಲ್ಲ. ಕರ್ವ್ ಅಂದರೆ ನಡುವಿನಲ್ಲಿ ಮೆದು ಮಾಡಿ ಅಂಚಿನಲ್ಲಿ ಅದರ ಬಡ್ಡಿ ವಸೂಲಿ ಮಾಡುವುದು, ಪೂರ್ತಿ ಒತ್ತುವ ಹೊತ್ತಿಗೆ ವಿಮಾನ ಒಮ್ಮೆಲೇ ಚುರುಕಾಗುತ್ತದೆ. ಆದರೆ ಉದ್ದದ ಸ್ಟಿಕ್ಕಿನಲ್ಲಿ ಸ್ಪ್ರಿಂಗಿನ ಬಲ ಕೈಗೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ತಟ್ಟುತ್ತದೆ, ಹಿಡಿಯ ಭಾರಕ್ಕೆ ಸ್ಟಿಕ್ ಒಂದು ಕಡೆ ಬಿದ್ದೇ ಇರಬಹುದು. ಕೀಲಿನ ಮೇಲೆ ಬೀಳುವ ಹೊರೆಯೂ ಅಷ್ಟೇ ಹೆಚ್ಚುತ್ತದೆ. ನಿಮ್ಮ ಈಗಿನ ಪ್ಲಾಸ್ಟಿಕ್ ಗಿಂಬಲ್‌ಗೆ ಇದನ್ನು ಮಾಡಬೇಡಿ, ಮುರಿಯುತ್ತದೆ. ಸ್ಪ್ರಿಂಗ್ ಮತ್ತು ಕ್ಯಾಮ್ (ಸ್ಪ್ರಿಂಗಿನ ಬಲ ಹೇಗೆ ಏರಬೇಕೆಂದು ತೀರ್ಮಾನಿಸುವ ಬಿಲ್ಲೆ) ಬದಲಾಯಿಸಲು ಬರುವ ವಿಕೆಬಿ, ವರ್‌ಪಿಲ್‌ನಂಥವರ ಗಟ್ಟಿ ಬೇಸ್‌ಗಳಿಗೆ ಮಾತ್ರ ಇದು ಹೊಂದುತ್ತದೆ.

ಹಾಗಾದರೆ ಯಾವ ದಾರಿ? ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಈಗಿನದನ್ನು ಬಿಚ್ಚಿ, ಶುಚಿ ಮಾಡಿ, ಗ್ರೀಸ್ ಹಾಕಿ, ರಡ್ಡರಿನ ವೈರ್ ಬದಲಾಯಿಸಿ, ಹಲಗೆಗೆ ಬಿಗಿಯುತ್ತೇನೆ. ವೈರ್ ಹಾಕುವಾಗ ಸಿಲಿಕೋನ್ ಹೊದಿಕೆಯ ಸಣ್ಣ ಎಳೆಗಳದ್ದು ಹಾಕಿ, ತಿರುಚಲು ಒಂದು ಸುತ್ತು ಸಡಿಲ ಬಿಡಿ. ಹೋದರೆ ಒಂದು ಭಾನುವಾರ, ಕೆಟ್ಟರೆ ಸೆಕೆಂಡ್ ಹ್ಯಾಂಡ್ ಸ್ಟಿಕ್. ವಾರಂಟಿ ಹೇಗೂ ಇಲ್ಲ.

ಹೊಸದೇ ಬೇಕೆನಿಸಿದರೆ ಬಿಟ್ ಕೇಳಬೇಡಿ. ಎಲ್ಲ ಅಕ್ಷಗಳಿಗೂ, ತಿರುಚುವುದಕ್ಕೂ ಸೇರಿ, ಮುಟ್ಟದ ಸೆನ್ಸರ್ ಇದೆಯೇ, ಗಿಂಬಲ್ ಒಂದೇ ಸ್ಪ್ರಿಂಗಿನದ್ದೋ ಪ್ರತಿ ಅಕ್ಷಕ್ಕೆ ಬೇರೆ ಸ್ಪ್ರಿಂಗೋ, ಬಿಡಿ ಭಾಗ ಸಿಗುತ್ತದೆಯೇ ಎಂದು ಕೇಳಿ. ವಿಕೆಬಿ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ ಈ ದರ್ಜೆಯಲ್ಲಿ ನನಗೆ ಮೆಚ್ಚುಗೆಯಾದದ್ದು. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಕೆಟ್ಟರೆ ವಾಪಸ್ ಕಳಿಸುವ ಖರ್ಚು ನಿಮ್ಮದೇ ಆಗಬಹುದು, ವಾರಂಟಿ ಕಾಗದದಲ್ಲಿ ಇದ್ದರೆ ಸಾಲದು.

ಇರುವ ಸ್ಟಿಕ್ಕಿಗೆ ಪಾಟ್ ತೆಗೆದು ಹಾಲ್ ಸೆನ್ಸರ್ ಹಾಕುವುದು ಬೆಸುಗೆ ಬರುವವರಿಗೆ ಚೆಂದದ ಕೆಲಸ. ಎಸ್‌ಎಸ್49ಇ ಎಂಬ ಮೂರು ಕಾಲಿನ ಸೆನ್ಸರ್ ಅಗ್ಗ, ಪಾಟ್‌ನ ಮೂರು ವೈರಿಗೇ ಕೂರುತ್ತದೆ, ಆದರೆ ಕಾಲುಗಳ ಕ್ರಮ ನೋಡಿಕೊಂಡು. ಆಯಸ್ಕಾಂತ ಹತ್ತಿರವಿಲ್ಲದಿದ್ದಾಗ ಕೊಟ್ಟ ವೋಲ್ಟೇಜಿನ ಅರ್ಧ ಹೊರಬಿಡುತ್ತದೆ, ಒಂದು ಧ್ರುವ ಬಂದರೆ ಏರುತ್ತದೆ, ಇನ್ನೊಂದು ಬಂದರೆ ಇಳಿಯುತ್ತದೆ. ಎರಡು ಆಯಸ್ಕಾಂತಗಳನ್ನು ಎದುರುಬದುರು ಅಂಟಿಸಿ, ಒಂದರ ಉತ್ತರ ಇನ್ನೊಂದರ ದಕ್ಷಿಣಕ್ಕೆ ಮುಖ ಮಾಡಿ, ನಡುವೆ ಸೆನ್ಸರ್ ನಿಲ್ಲಿಸಿದರೆ 20 ಡಿಗ್ರಿವರೆಗೆ ಫಲಿತಾಂಶ ಬಹುತೇಕ ನೇರ ಗೆರೆ, ಅಂಚಿನಲ್ಲಿ ವ್ಯತ್ಯಾಸ 2 ಪ್ರತಿಶತದಷ್ಟು. ಆಯಸ್ಕಾಂತ ದುರ್ಬಲವಾದರೆ ಮತ್ತೆ ಹೆಜ್ಜೆಗಳು ಕಡಿಮೆ, ಅಂಟು ಬಿಟ್ಟರೆ ನಡುಬಿಂದು ಎಲ್ಲಿಗೋ ಹೋಗುತ್ತದೆ, ದೊಡ್ಡ ಸ್ಪೀಕರ್ ಪಕ್ಕದಲ್ಲಿ ಇಟ್ಟರೂ ಜರುಗುತ್ತದೆ.

ಪೂರ್ತಿ ಸ್ಟಿಕ್ ಮನೆಯಲ್ಲೇ ಮಾಡುವುದೇನೂ ಹುಚ್ಚಲ್ಲ. ಅಮೆರಿಕದ ಎಡ್ವಿನ್ ಲಿಂಕ್ 1920ರ ದಶಕದ ಕೊನೆಯಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ಯಂತ್ರ ಕಟ್ಟಿದ್ದು ಅಪ್ಪನ ಆರ್ಗನ್ ಕಾರ್ಖಾನೆಯ ತಿದಿ, ಕವಾಟಗಳಿಂದ. ಇಂದು ಎಲೆಕ್ಟ್ರಾನಿಕ್ಸ್ ಭಾಗ ಸುಲಭ. ಆದರೆ ಆರ್ಡುಯಿನೊ ಅಂದ ಕೂಡಲೇ ಯೂನೊ ಆರ್3 ಕೊಳ್ಳಬೇಡಿ, ಅದು ಕಂಪ್ಯೂಟರಿಗೆ ತಾನಾಗಿ ಜಾಯ್‌ಸ್ಟಿಕ್ ಎಂದು ಪರಿಚಯ ಹೇಳಿಕೊಳ್ಳುವುದಿಲ್ಲ. ಎಟಿಮೆಗಾ32ಯು4 ಚಿಪ್ ಇರುವ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಹೇಳುತ್ತದೆ. ಅದರದ್ದು 10 ಬಿಟ್. 12 ಬಿಟ್ ಬೇಕಾದರೆ ಎಸ್‌ಟಿಎಂ32 ಚಿಪ್ಪಿನ ಬ್ಲೂ ಪಿಲ್ ಬೋರ್ಡಿಗೆ ಫ್ರೀಜಾಯ್ ಎಂಬ ಉಚಿತ ಫರ್ಮ್‌ವೇರ್ (ಚಿಪ್ಪಿನೊಳಗೆ ಕೂರುವ ಸಾಫ್ಟ್‌ವೇರ್) ಹಾಕಬಹುದು, ಕೋಡ್ ಬರೆಯುವ ಅಗತ್ಯವಿಲ್ಲ. ಅಲ್ಲಿ ಒಂದು ಎಚ್ಚರಿಕೆ: ಅದು 3.3 ವೋಲ್ಟಿನದ್ದು. ಸೆನ್ಸರಿಗೆ 5 ವೋಲ್ಟ್ ಕೊಟ್ಟು ಅದರ ಔಟ್‌ಪುಟ್ ನೇರ ಬೋರ್ಡಿನ ಅನಲಾಗ್ ಪಿನ್ನಿಗೆ ಕೊಟ್ಟರೆ ಚಿಪ್ ಸುಡಬಹುದು. ಎಸ್‌ಎಸ್49ಇ 3.3ರಲ್ಲೂ ನಡೆಯುತ್ತದೆ, ಹಾಗೇ ಕೊಡಿ. ಸಿಗ್ನಲ್ ಮತ್ತು ಗ್ರೌಂಡ್ ನಡುವೆ 104 ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಒಂದು ಹಾಕಿದರೆ ನಡುಕ ಎಷ್ಟೋ ತಗ್ಗುತ್ತದೆ. ಮೊದಲ ಸಲ ಚುಚ್ಚುವಾಗ ಕಂಪ್ಯೂಟರಿಗೆ ನೇರ ಬೇಡ, ಬೇರೆ ಪವರ್ ಇರುವ ಅಗ್ಗದ ಯುಎಸ್‌ಬಿ ಹಬ್ ಮೂಲಕ ಚುಚ್ಚಿ. ಬೆಸುಗೆ ತಪ್ಪಿ ಶಾರ್ಟ್ ಆದರೆ ಹೋಗುವುದು ಹೆಚ್ಚಾಗಿ ಹಬ್, ಮದರ್‌ಬೋರ್ಡ್ ಅಲ್ಲ.

ಕಷ್ಟ ಇರುವುದು ಗಿಂಬಲ್‌ನಲ್ಲಿ. ಎರಡು ಅಕ್ಷಗಳು ಒಂದೇ ಬಿಂದುವಿನಲ್ಲಿ ಸೇರಬೇಕು, ಬೇರಿಂಗ್‌ನಲ್ಲಿ ಆಟ ಇರಬಾರದು, ಸ್ಪ್ರಿಂಗ್ ನಡುವಿಗೆ ತರಬೇಕು ಆದರೆ ನಡುವಿನಲ್ಲಿ ಕಚ್ಚಬಾರದು. 608 ಬೇರಿಂಗ್ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ, 8 ಮಿಲಿಮೀಟರ್ ಶಾಫ್ಟಿಗೆ ಕೂರುತ್ತದೆ. ಚೌಕಟ್ಟನ್ನು 3ಡಿ ಪ್ರಿಂಟ್ ಮಾಡಿಸಬಹುದು, ಆದರೆ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮರೆತರೆ ಸೊಟ್ಟಗಾಗುವುದುಂಟು. ಶಾಫ್ಟನ್ನು ಮಾತ್ರ ಪ್ರಿಂಟ್ ಮಾಡಿಸಬೇಡಿ, ಪದರಗಳ ನಡುವೆ ಮುರಿಯುತ್ತದೆ. ನಿಮ್ಮೂರಿನ ಲೇತ್ ಅಂಗಡಿಯಲ್ಲಿ ಕಬ್ಬಿಣದ್ದೇ ಮಾಡಿಸಿ. ದುಡ್ಡು ಉಳಿಸಲು ಈ ದಾರಿಗೆ ಇಳಿಯುವವರಿಗೆ ನಾನು ಬೇಡ ಅನ್ನುತ್ತೇನೆ, ಪ್ರಯೋಗದಲ್ಲಿ ಹಾಳಾಗುವ ಸಾಮಾನು ಸೇರಿಸಿದರೆ ಉಳಿತಾಯವೇನೂ ಇರುವುದಿಲ್ಲ. ಮಾಡುವುದರಲ್ಲೇ ಖುಷಿ ಇದ್ದರೆ ಮಾತು ಬೇರೆ.

ಇನ್ನು ಮಗಳ ವಿಚಾರ. ಸೆಸ್ನಾ 172ರಲ್ಲಿ ಇರುವುದು ಸ್ಟಿಕ್ ಅಲ್ಲ, ಯೋಕ್, ಅಂದರೆ ಸ್ಟೀರಿಂಗಿನಂಥ ಹಿಡಿ. ಅದರ ಕೇಬಲ್‌ಗಳು ನೇರ ರೆಕ್ಕೆಯ ತುದಿ, ಬಾಲದ ಪಟ್ಟಿಗಳಿಗೆ ಹೋಗುತ್ತವೆ. ವೇಗ ಹೆಚ್ಚಿದಂತೆ ಗಾಳಿಯ ಒತ್ತಡ ಕೈಗೆ ಬರುತ್ತದೆ, ನಿಧಾನವಾದರೆ ಯೋಕ್ ಸಡಿಲವಾಗುತ್ತದೆ. ನಿಮ್ಮ ಸ್ಪ್ರಿಂಗ್ ಸ್ಟಿಕ್ಕಿಗೆ ವೇಗ ಗೊತ್ತಿಲ್ಲ. ಇದಕ್ಕಿಂತ ಗಮನಿಸಬೇಕಾದ್ದು ಟ್ರಿಮ್. ನಿಜವಾದ ವಿಮಾನದಲ್ಲಿ ಯೋಕನ್ನು ಬೇಕಾದ ಜಾಗದಲ್ಲಿ ಹಿಡಿದು, ಕೈಗೆ ಬರುವ ಭಾರ ಹೋಗುವ ತನಕ ಟ್ರಿಮ್ ಚಕ್ರ ತಿರುಗಿಸುತ್ತಾರೆ. ಯೋಕ್ ಅಲ್ಲೇ ನಿಲ್ಲುತ್ತದೆ. ಸ್ಪ್ರಿಂಗ್ ಸ್ಟಿಕ್ಕಿನಲ್ಲಿ ಟ್ರಿಮ್ ತಿರುಗಿಸುತ್ತಾ ಸ್ಟಿಕ್ಕನ್ನು ನಡುವಿಗೆ ಬಿಡುತ್ತಾ ಬರಬೇಕು. ಬೆರಳಿಗೆ ಈ ಎರಡನೆಯದೇ ರೂಢಿಯಾದರೆ ಜಕ್ಕೂರಿನಂಥ ತರಬೇತಿ ಶಾಲೆಯಲ್ಲಿ ಮೊದಲ ಪಾಠಗಳಲ್ಲಿ ಬೋಧಕರು ಅದನ್ನು ಬಿಡಿಸಬೇಕಾಗುತ್ತದೆ. ಮೋಟಾರ್ ಇರುವ ಫೋರ್ಸ್ ಫೀಡ್‌ಬ್ಯಾಕ್ ಸ್ಟಿಕ್ ಇದನ್ನು ಸರಿಯಾಗಿ ತೋರಿಸುತ್ತದೆ. ಮೈಕ್ರೋಸಾಫ್ಟ್‌ನ ಹಳೆಯ ಸೈಡ್‌ವಿಂಡರ್‌ಗೆ ಇನ್ನೂ ಗಿರಾಕಿಗಳಿರುವುದು ಇದಕ್ಕೇ. ಹೊಸದರಲ್ಲಿ ಮೋಝಾ, ಬ್ರುನ್ನರ್ ಮಾಡುತ್ತವೆ, ಬೆಲೆ ನಿಮ್ಮ ಈಗಿನ ಅಗತ್ಯಕ್ಕೆ ಬಹಳ ಜಾಸ್ತಿ.

ಏರ್‌ಬಸ್ ಎ320ರಲ್ಲಿ ಮಾತ್ರ ಕಥೆ ತಿರುಗುಮುರುಗು. ಅದರ ಸೈಡ್‌ಸ್ಟಿಕ್‌ನಲ್ಲೂ ಸ್ಪ್ರಿಂಗೇ ಇದೆ, ರೆಕ್ಕೆಗೆ ಕೇಬಲ್ ಇಲ್ಲ, ಕಂಪ್ಯೂಟರಿಗೆ ಸಂದೇಶ ಅಷ್ಟೇ. ಮನೆಯ ಜಾಯ್‌ಸ್ಟಿಕ್ ಅದಕ್ಕೆ ಹತ್ತಿರ. ಎಡಗಡೆ ಕೂರುವ ಕ್ಯಾಪ್ಟನ್ ಅದನ್ನು ಹಿಡಿಯುವುದು ಎಡಗೈಯಲ್ಲಿ, ಹಾಗಾಗಿ ಎರಡೂ ಕೈಗೆ ಹೊಂದುವ ಸ್ಟಿಕ್ ಕೊಂಡರೆ ಮಗಳಿಗೆ ಉಪಯೋಗ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೇಳುವ 200 ಗಂಟೆಯ ಹಾರಾಟಕ್ಕೆ ಮನೆಯ ಒಂದು ನಿಮಿಷವೂ ಸೇರುವುದಿಲ್ಲ. ಚೆಕ್‌ಲಿಸ್ಟ್, ರೇಡಿಯೊ ಮಾತು, ಉಪಕರಣ ಓದುವುದು, ರನ್‌ವೇ ಸುತ್ತ ಹಾರುವ ಸರ್ಕ್ಯೂಟಿನ ಕ್ರಮ ಇವನ್ನು ಇಲ್ಲಿ ಕಲಿಯಲಿ. ಕೈಯ ಹದವನ್ನು ವಿಮಾನವೇ ಕಲಿಸಲಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಏನಾದರೂ ಸ್ವಂತ ಮಾಡಲೇಬೇಕೆಂಬ ಆಸೆ ಇದ್ದರೆ ಸ್ಟಿಕ್ ಬೇಡ, ರಡ್ಡರ್ ಪೆಡಲ್‌ನಿಂದ ಶುರುಮಾಡಿ. ಒಂದೇ ಅಕ್ಷ, ಗಿಂಬಲ್ ಇಲ್ಲ. ಗಟ್ಟಿ ಪ್ಲೈವುಡ್, ನಡುವೆ ಒಂದು ಬೇರಿಂಗಿನ ಮೇಲೆ ತಿರುಗುವ ಅಡ್ಡಪಟ್ಟಿ, ಎರಡು ಬದಿ ಎರಡು ಸ್ಪ್ರಿಂಗ್, ಒಂದು ಹಾಲ್ ಸೆನ್ಸರ್, ಒಂದು ಪ್ರೊ ಮೈಕ್ರೊ. ಕಾಲಿನ ಬಲ ಕೈಗಿಂತ ಎಷ್ಟೋ ಹೆಚ್ಚು, ಹಾಗಾಗಿ ಎಲ್ಲ ಜೋಡಣೆಗೂ ಮೊಳೆ ಅಲ್ಲ, ಬೋಲ್ಟ್-ನಟ್ ಹಾಕಿ. ತಳವನ್ನು ಗೋಡೆಗೆ ಆನಿಸಿ, ಇಲ್ಲದಿದ್ದರೆ ಕುರ್ಚಿಯೇ ಹಿಂದಕ್ಕೆ ಹೋಗುತ್ತದೆ. ಪೆಡಲ್ ಬಂದ ಮೇಲೆ ಸಿಮ್ಯುಲೇಟರಿನ ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ಕಿನ ತಿರುಚುವ ಅಕ್ಷವನ್ನು ತೆಗೆದುಹಾಕಿ. ಒಂದೇ ರಡ್ಡರಿಗೆ ಎರಡು ಕಡೆಯಿಂದ ಆದೇಶ ಹೋದರೆ ಮತ್ತೆ ನನಗೆ ಪತ್ರ ಬರೆಯಬೇಕಾಗುತ್ತದೆ.